ಬಸ್ಸಿಳಿದ ಗಿರಾಕಿ

"ಬನ್ನಿ ಅಮ್ಮಾ, ಒಂದು ಸೀರೆಗೆ ಒಂದು ಫ್ರೀ! ಬರೀ ನೋಡ್ಕಂಡಾದ್ರೂ ಹೋಗಿ!" ಎಂದು ಕೂಗುತ್ತ ಸೂರಜ್ ಬಸ್ಸಿನ ಬಾಗಿಲಿಗೇ ಹೋಗಿ ನಿಂತಿದ್ದ.

ರಸ್ತೆಯ ಈಚೆ, ತನ್ನ ಜವಳಿ ಅಂಗಡಿಯ ಮೆಟ್ಟಿಲ ಮೇಲಿಂದ ನಂದಿನಿ ಅವನನ್ನು ನೋಡುತ್ತಿದ್ದಳು. ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಇಬ್ಬರ ಅಂಗಡಿಗಳೂ ಎದುರುಬದುರು. ತನ್ನಲ್ಲಿಲ್ಲದ ಬಣ್ಣಕ್ಕೆ ಗಿರಾಕಿಯನ್ನು ಆಚೆಗೆ ಕಳಿಸಿಕೊಡುವಷ್ಟು ಸಲುಗೆ ಮೊದಲು ಇತ್ತು. ಈ ವರ್ಷ ಮೀನು ಬೀಳದೆ ಬೋಟುಗಳು ದಡದಲ್ಲೇ ನಿಂತವು. ಗೋವೆಯ ಕಟ್ಟಡ ಕೆಲಸಕ್ಕೆ ಹೋದವರು ಬರಿಗೈಯಲ್ಲಿ ಮರಳಿದರು. ಜನ ಬಟ್ಟೆ ಕೊಳ್ಳುವುದನ್ನೇ ಬಿಟ್ಟರು. ಸೂರಜ್ ದರ ಇಳಿಸಿದ, ನಂದಿನಿಯೂ ಇಳಿಸಿದಳು. ಅವನು ಸ್ಟೀಲ್ ಡಬ್ಬಿ ಉಡುಗೊರೆ ಇಟ್ಟ, ಇವಳು ಕೊಡೆ ಇಟ್ಟಳು. ಕೊನೆಗೆ ಅವನು ರಸ್ತೆಗೇ ಇಳಿದ. ನಂದಿನಿಯ ಗಂಡ ಸಂದೇಶ ಈ ದಿನ ಬೆಳಿಗ್ಗೆ ಕಾರವಾರದ ದೊಡ್ಡ ಮಳಿಗೆಯೊಂದರಲ್ಲಿ ಸೇಲ್ಸ್‌ಮನ್ ಕೆಲಸ ಕೇಳಲು ಹೋಗಿದ್ದ. ಹೊರಡುವಾಗ ತನ್ನ ಅಂಗಡಿಯ ಬೋರ್ಡಿನ ಕಡೆ ತಲೆಯೆತ್ತಿರಲಿಲ್ಲ.

ಬಸ್ಸಿನಿಂದ ಬೊಬ್ರುವಾಡದ ಹೊನ್ನಮ್ಮ ಇಳಿದಳು. ಅವಳ ಮೊಮ್ಮಗಳು ಭವ್ಯಾಳ ಮದುವೆ ಹತ್ತಿರ ಬಂದದ್ದು ನಂದಿನಿಗೆ ಗೊತ್ತಿತ್ತು. ಆ ಮನೆಯ ಮದುವೆಗಳ ಬಟ್ಟೆಯೆಲ್ಲ ಹೋದದ್ದು ಈ ಅಂಗಡಿಯಿಂದಲೇ. ಸೂರಜ್ ಆಗಲೇ ಮುದುಕಿಯ ಚೀಲಕ್ಕೆ ಕೈ ಹಾಕಿದ್ದ. ನಂದಿನಿ ಮೆಟ್ಟಿಲಿಳಿದು ಓಡಿದಳು.

"ಹೊನ್ನಕ್ಕಾ, ಅತ್ಲಾಗೆಲ್ಲಿ ಹೊಂಟ್ರಿ? ನಮ್ಮ ಅಂಗಡಿ ಇಲ್ಲೇ ಅದೆಯಲ್ಲ!"

"ಚೀಲ ಭಾರ ಅದೆ, ನಾ ತರ್ತೆ," ಎಂದ ಸೂರಜ್.

"ಬಿಡು ಸೂರಜ್! ಅವ್ರು ನಮ್ಮ ಗಿರಾಕಿ."

"ಅವ್ರ ಮೇಲೆ ನಿಮ್ಮ ಹೆಸರು ಬರ್ದದಾ ಅಕ್ಕಾ? ನಂಗೂ ಹೊಟ್ಟೆ ಅದೆ."

"ಬಿಡ್ರಾ... ನಂದೊಂದು ಮಾತ ಕೇಳ್ರಾ..." ಹೊನ್ನಮ್ಮ ಹೇಳುತ್ತಲೇ ಇದ್ದಳು. ಇಬ್ಬರಿಗೂ ಕೇಳಿಸಲಿಲ್ಲ. ಅವನು ಚೀಲ ಎಳೆದ. ಇವಳು ಮುದುಕಿಯ ಮುಂಗೈ ಹಿಡಿದು ಜಗ್ಗಿದಳು. ಹಸಿರು ಬಳೆಗಳು ಚಟಚಟನೆ ಒಡೆದವು.

ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಸೂರಜ್ ಚೀಲ ಬಿಟ್ಟ. ಹೊನ್ನಮ್ಮ ರಕ್ತ ಒಸರುವ ಕೈಯನ್ನೇ ನೋಡುತ್ತ ನಿಂತಳು.

"ಮದ್ವಿಗೆ ಅಂತ ಹಾಕ್ಕಂಡ ಬಳಿ ಆಗಿತ್ತು ತಂಗೀ."

ನಂದಿನಿ ಅವಳನ್ನು ಒಳಗೆ ಕೂರಿಸಿ, ಗಾಯ ತೊಳೆದು, ಹೊಸ ಲೈನಿಂಗ್ ಬಟ್ಟೆಯಿಂದ ಪಟ್ಟಿ ಹರಿದು ಕಟ್ಟಿದಳು. ಸೂರಜ್ ನೀರಿನ ಬಾಟಲಿ ತಂದು ಕೆಳಗಿನ ಮೆಟ್ಟಿಲಲ್ಲೇ ನಿಂತ. "ಬೇಕಂತ ಮಾಡಿದ್ದಲ್ಲ ಅಮ್ಮಾ," ಎಂದ.

ಹೊನ್ನಮ್ಮ ಇನ್ನೊಂದು ಕೈಯಿಂದ ಚೀಲ ಬಿಚ್ಚಿದಳು. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಕೆಂಪು ಧಾರೆಸೀರೆ.

"ಸೀರಿ ಆಗ್ಲೇ ಬಂದದೆ. ಭವ್ಯಾ ಮೊಬೈಲ್ದಾಗೆ ತರ್ಸ್ಕಂಡ್ಳು. ಇದ್ರ ಅಂಚಿಗೆ ಹಚ್ಚೂಕೆ ಒಂದು ಫಾಲ್ ಬೇಕಾಗಿತ್ತು. ಅಷ್ಟೇಯಾ."

ಮೆಟ್ಟಿಲ ಬಳಿ ಸೂರಜ್ ತಲೆ ತಗ್ಗಿಸಿದ. ನಂದಿನಿ ಫಾಲ್‌ಗಳ ಡಬ್ಬ ತೆಗೆದು ಕೆಂಪು ಬಣ್ಣದವನ್ನು ಒಂದೊಂದಾಗಿ ಸೀರೆಯ ಮೇಲಿಟ್ಟು ನೋಡಿದಳು. ಸರಿಹೊಂದಿದ್ದನ್ನು ಮಡಚಿ ಕೊಟ್ಟಳು. ಹೊನ್ನಮ್ಮ ಕಟ್ಟಿದ ಕೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ಹೊರಟಳು.

ನಂದಿನಿ ಪೊರಕೆ ತಂದು ರಸ್ತೆಯ ಮೇಲಿನ ಬಳೆಚೂರು ಗುಡಿಸಿದಳು. ದೂರ ಸಿಡಿದಿದ್ದ ಚೂರೊಂದನ್ನು ಸೂರಜ್ ಹೆಕ್ಕಿ ತಂದು ಆ ರಾಶಿಗೆ ಹಾಕಿದ.

ಅವರ್ಸಾದ ಕಡೆಯಿಂದ ಇನ್ನೊಂದು ಬಸ್ಸು ಬಂದು ನಿಂತಿತು. ಸೂರಜ್ ಅವಳ ಮುಖ ನೋಡದೆ ಅತ್ತ ನಡೆದ. ನಂದಿನಿ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಸೆರಗಿಗೆ ಹತ್ತಿದ ರಕ್ತ ಕಾಣದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನಿಗಿಂತ ಮೊದಲು ಬಸ್ಸಿನ ಬಾಗಿಲು ಮುಟ್ಟಲು ಬಿರಬಿರನೆ ಹೆಜ್ಜೆ ಹಾಕಿದಳು.