ಎಂಜಲಿನ ಬೆಸುಗೆ

ಎರಡೂ ಕೈ ಮುಂದೆ ಚಾಚಿ ಕೂತಿದ್ದಾಳೆ, ಕೈಗಳ ಸುತ್ತ ನೂಲಿನ ಲಡಿ, ಎದುರಿಗೆ ಸ್ಟೂಲಿನ ಮೇಲೆ ಅತ್ತಿಗೆ ಉಂಡೆ ಸುತ್ತುತ್ತಿದ್ದಾಳೆ, ನೂಲು ಎಡಗೈಯಿಂದ ಜಾರುತ್ತದೆ, ಬಲಗೈಯಿಂದ ಜಾರುತ್ತದೆ, ಎಡಕ್ಕೆ, ಬಲಕ್ಕೆ, ತೋಳು ಸೋತರೂ ಇಳಿಸುವ ಹಾಗಿಲ್ಲ, ಇಳಿಸಿದರೆ ಸಿಕ್ಕಾಗುತ್ತದೆ — ತನ್ನ ಹೊದಿಕೆಯನ್ನು ತಾನೇ ಎತ್ತಿ ಕೊಟ್ಟ ಹಾಗಾಯಿತು. ನಿನ್ನೆಯವರೆಗೆ ಈ ನೂಲೇ ಆ ಹೊದಿಕೆ, ಮೂರು ಚಳಿಗಾಲದ ಕೆಲಸ, ಮನೆಯವರ ಹಳೇ ಸ್ವೆಟರುಗಳನ್ನೆಲ್ಲ ಬಿಚ್ಚಿ ಹೆಣೆದದ್ದು, ಅಪ್ಪನ ಕಂದು, ಅಣ್ಣನ ಬೂದು, ಅಮ್ಮನ ಹಸಿರು, ತನ್ನ ಸ್ಕೂಲಿನ ನೀಲಿ, ಬಾಯಲ್ಲಿ ಬಾರದ್ದು ಕೈಯಲ್ಲಿ ಸಾಲುಸಾಲಾಗಿ ಬಂದಿತ್ತು. ಅಣ್ಣ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದ್ದು ಇಷ್ಟೆ, ಪಾಪು ಬರೋದರೊಳಗೆ ನಿಮ್ಮತ್ತಿಗೆ ಏನಾದರೂ ಹೆಣೀಬೇಕಂತೆ, ನಿನ್ನ ಹೊದಿಕೆ ಬಿಚ್ಚಿಕೊಡು, ಹೇಗಿದ್ದರೂ ಹಳೇ ನೂಲು ತಾನೆ, ನಿನ್ನ ಕೈಯಂತೂ ಎಲ್ಲೂ ಓಡಿಹೋಗಲ್ಲ, ಇನ್ನೊಂದು ಮಾಡ್ಕೋ ಮೌನಗೌರಿ. ಅವಳು ಹೂಂ ಅಂದಿದ್ದಳು. ಹೂಂ ಅನ್ನುವುದು ಅವಳಿಗೆ ಉಸಿರಾಡಿದಷ್ಟು ಸಲೀಸು, ಸ್ಕೂಲು ಬಿಡು ಅಂದಾಗಲೂ ಹೂಂ, ಅಮ್ಮ ಹಾಸಿಗೆ ಹಿಡಿದ ವರ್ಷ, ಎಂಟನೇ ಕ್ಲಾಸಿನ ನಡುವೆ, ನೀಲಿ ಸ್ವೆಟರಿನ ಮೊಣಕೈ ಇನ್ನೂ ಸವೆದಿರಲಿಲ್ಲ. ಬಾ, ಇದನ್ನ ಬಿಚ್ಚೋಣ, ಅಂದದ್ದು ಅಮ್ಮನೇ, ದಿಂಬಿಗೆ ಒರಗಿಕೊಂಡು, ಅಳೋದಾದ್ರೆ ಬಿಚ್ಚುತ್ತಾ ಅಳು, ಕೆಲಸ ಸಾಗುತ್ತೆ. ಬಿಚ್ಚಿದ ನೂಲು ಜಡೆ ಬಿಚ್ಚಿದ ಕೂದಲಿನ ಹಾಗೆ ಅಲೆಯಲೆ, ತೊಳೆದು, ತುದಿಗೆ ನೀರಿನ ಚೊಂಬು ಕಟ್ಟಿ ತೂಗುಹಾಕಿದರೂ ಅಲೆ ಪೂರ್ತಿ ಹೋಗುತ್ತಿರಲಿಲ್ಲ. ಗಂಟು ಹಾಕಬಾರದು, ಗಂಟು ಮೈಗೆ ಚುಚ್ಚುತ್ತೆ — ಎರಡು ತುದಿಗಳ ಎಳೆ ಬಿಡಿಸಿ ಒಂದರ ಮೇಲೊಂದಿಟ್ಟು, ಎಂಜಲು ಹಚ್ಚಿ, ಅಂಗೈ ಬಿಸಿಯಾಗುವಷ್ಟು ಉಜ್ಜಬೇಕು, ಉಣ್ಣೆ ಉಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಎಳೆದರೂ ಬಿಡುವುದಿಲ್ಲ. ಅಮ್ಮ ಮಾಡಿ ತೋರಿಸಿದ್ದು ಒಂದೇ ಒಂದು ಬೆಸುಗೆ, ಮೊಟ್ಟಮೊದಲನೆಯದು, ತನ್ನ ಹಸಿರಿಗೂ ಮಗಳ ನೀಲಿಗೂ. ಬಾಯಿ ಒಣಗಿತ್ತು, ಎಂಜಲಿಗೂ ಗತಿಯಿಲ್ಲ ನೋಡೇ ನಿಮ್ಮಮ್ಮನಿಗೆ ಅಂತ ನಕ್ಕಿದ್ದಳು, ಮಿಕ್ಕ ಬೆಸುಗೆಗಳಿಗೆಲ್ಲ ಅಮ್ಮ ಇರಲಿಲ್ಲ.

ಕಚಕ್ ಅನ್ನುತ್ತದೆ ಕತ್ತರಿ. ಬೆಸುಗೆ ಬಂದಾಗಲೆಲ್ಲ ಅತ್ತಿಗೆಯ ಬೆರಳು ತಡವಿ ಹಿಡಿಯುತ್ತದೆ, ಆಚೆ ಒಂದಂಗುಲ, ಈಚೆ ಒಂದಂಗುಲ ಕತ್ತರಿಸಿ ನೆಲಕ್ಕೆ, ಎಂಜಲು ಮಾಡಿದ್ದನ್ನ ಕೂಸಿನ ಮೈಗೆ ಹಾಕಕ್ಕಾಗುತ್ತಾ, ಬೇಜಾರು ಮಾಡ್ಕೋಬೇಡಮ್ಮ, ಅಂತ ಬೆಳಿಗ್ಗೆಯೇ ಹೇಳಿದ್ದಾಳೆ. ಕೆಟ್ಟವಳಲ್ಲ ಅತ್ತಿಗೆ, ಅದೇ ಕಷ್ಟ, ಕೆಟ್ಟವಳಾಗಿದ್ದರೆ ಮನಸ್ಸಿನಲ್ಲಾದರೂ ಬೈಯಬಹುದಿತ್ತು. ನೆಲದ ಮೇಲೆ ಅರ್ಧ ಕಂದು ಅರ್ಧ ಬೂದು, ಅರ್ಧ ಬೂದು ಅರ್ಧ ಹಸಿರು, ಹುಳುಗಳ ಹಾಗೆ ಬಿದ್ದಿವೆ, ಪೊರಕೆಗೆ ಕಾಯುತ್ತಿವೆ, ಗುಡಿಸುವವಳೂ ತಾನೇ. ಇದು ಕೊನೆಯ ಲಡಿ, ತೆಳ್ಳಗಾಗಿದೆ, ಹಸಿರು ಓಡುತ್ತಿದೆ, ಎಡಕ್ಕೆ, ಬಲಕ್ಕೆ, ಹಸಿರಿನಡಿ ನೀಲಿ ಕಾಣುತ್ತಿದೆ, ಅವೆರಡರ ನಡುವೆ ಬೆರಳುದ್ದ ಕೊಂಚ ದಪ್ಪಗೆ, ಎರಡೂ ಬಣ್ಣವಲ್ಲದ ಬಣ್ಣ, ಅಮ್ಮನ ಒಣಗಿದ ಬಾಯಿ — ಆ ಬೆಸುಗೆ ಎಡಗೈ ದಾಟಿತು, ಬಲಗೈ ದಾಟಿತು, ಅತ್ತಿಗೆ, ಅದೊಂದನ್ನ ಬಿಡಿ, ದನಿ ಹೊರಗೆ ಬಂದದ್ದು ಅವಳ ಕಿವಿಗೇ ಕೇಳಿಸಿತು, ಅತ್ತಿಗೆ ತಲೆ ಎತ್ತಲಿಲ್ಲ, ಬೆರಳು ತಡವಿ ನಿಂತಿದೆ, ಇನ್ನೊಂದು ಕೈ ಮಡಿಲಲ್ಲಿ ಕತ್ತರಿ ಹುಡುಕುತ್ತಿದೆ, ಅತ್ತಿಗೆ, ಅದೊಂದನ್ನ ಬಿಡಿ.