ಹದಕ್ಕೆ ಹಾಕಿದ ವಾಚುಗಳು

ಬೆಳಗ್ಗೆ ಅಪ್ಪ ಕಿರುಚಿಕೊಂಡ ರಭಸಕ್ಕೆ ಹರ್ಷಿತಾ ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ಓಡಿ ಬಂದಳು. ಒಳಗೆ ಹಾವೇ ಹೊಕ್ಕಿರಬೇಕೆಂದು ಅವಳ ಅವ್ವ ಚಿಕ್ಕಬೀರಮ್ಮ ಅಡುಗೆಮನೆಯಿಂದ ಮುದ್ದೆ ಕೋಲು ಹಿಡಿದು ಬಂದಳು. ಹಾವೂ ಇಲ್ಲ, ಚೇಳೂ ಇಲ್ಲ. ಹನಗೋಡಿನ ಶುಂಠಿ, ಹೊಗೆಸೊಪ್ಪಿನ ರೈತ ಸಣ್ಣಬೀರಯ್ಯ ತೆರೆದ ಬೀರುವಿನ ಮುಂದೆ ಕಾಲು ನೀಡಿ ಕೂತಿದ್ದ. ಅವನ ಅಂಗೈಯಲ್ಲಿ ಒಂದು ಸ್ವಿಸ್ ವಾಚು ಅಂಗಾತ ಮಲಗಿತ್ತು.

“ಬೂಷ್ಟು ಕಣವ್ವ, ಬೂಷ್ಟು! ದೊರೆಗೆ ಬೂಷ್ಟು ಬಂದದೆ!”

ದೊರೆ ಎಂದರೆ ಆ ವಾಚಿನ ಹೆಸರು. ಸಣ್ಣಬೀರಯ್ಯ ತನ್ನ ಆರೂ ವಾಚುಗಳಿಗೆ ಎತ್ತುಗಳಿಗೆ ಇಡುವಂತೆ ಹೆಸರಿಟ್ಟಿದ್ದ. ದೊರೆ, ಕರಿಯ, ಕೆಂದ, ಹಂಡ, ಬಸವ, ಎಲ್ಲಕ್ಕಿಂತ ಚಿಕ್ಕದು ಕುಳ್ಳ. ಶುಂಠಿಗೆ ಬಂಗಾರದ ಬೆಲೆ ಬಂದ ವರ್ಷ ಹನಗೋಡಿನಲ್ಲಿ ಕೈಯಲ್ಲಿ ಕಾಸಾಡಿದವರೆಲ್ಲ ಒಂದೊಂದು ಹುಚ್ಚು ಹಚ್ಚಿಕೊಂಡಿದ್ದರು. ಒಬ್ಬ ಜೀಪು ತಂದ, ಇನ್ನೊಬ್ಬ ದನದ ಕೊಟ್ಟಿಗೆಗೆ ಟೈಲ್ಸ್ ಹಾಕಿಸಿದ. ಸಣ್ಣಬೀರಯ್ಯ, ಚಿಕ್ಕಂದಿನಲ್ಲಿ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ವಾಚು ಬರೆದುಕೊಂಡು ಊರು ಸುತ್ತಿದ್ದವನು, ಬೆಂಗಳೂರಿಗೆ ಹೋಗಿ ನಿಜದ ವಾಚು ತಂದ. ಒಂದು ತಂದವನು ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟಿಕೊಳ್ಳುವುದಂತೂ ಇಲ್ಲವೇ ಇಲ್ಲ. ಭಾನುವಾರ ಸಂಜೆ ಟವೆಲ್ ಹಾಸಿ ಆರನ್ನೂ ಸಾಲಾಗಿ ಮಲಗಿಸಿ, ಬಂದವರಿಗೆಲ್ಲ ಕಾಫಿ ಕೊಟ್ಟು ತೋರಿಸುತ್ತಿದ್ದ.

ಈಗ ದೊರೆಯ ಚರ್ಮದ ಪಟ್ಟಿಯ ಮೇಲೆ ಹಳೇ ರೊಟ್ಟಿಗೆ ಬರುವಂಥ ಹಸಿರು ಬೂಷ್ಟು. ಕೆಂದನ ಪಟ್ಟಿಯ ಹೊಲಿಗೆಯ ಸಂದಿಯಲ್ಲೂ ಬಿಳಿಬಿಳಿ. ಕುಳ್ಳನ ಗಾಜಿನೊಳಗೆ ಮಂಜು ಕವಿದು ಮುಳ್ಳೇ ಕಾಣುತ್ತಿರಲಿಲ್ಲ.

“ಎಲ್ಲಿಟ್ಟಿದ್ದೆ ಅಪ್ಪ ಇವನ್ನ?” ಎಂದಳು ಹರ್ಷಿತಾ.

“ಹದಕ್ಕೆ ಹಾಕಿದ್ದೆ,” ಎಂದ ಅಪ್ಪ, ಕಳ್ಳತನ ಸಿಕ್ಕಿಬಿದ್ದವನಂತೆ.

ಹೊಗೆಸೊಪ್ಪು ಬೆಳೆಯುವವರಿಗೆ ಹದ ಎಂದರೆ ಪ್ರಾಣ. ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಬೆಂಕಿ ಕೊಟ್ಟು ಬೇಯಿಸಿದ ಸೊಪ್ಪು ಗರಿಗರಿಯಾಗಿರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೇ ಬಾಗಿಲು, ಕಿಟಕಿ ತೆಗೆದು ತಂಪು ಗಾಳಿ ಬಿಡುತ್ತಾರೆ. ಸೊಪ್ಪು ಅದನ್ನು ಕುಡಿದು ಮೆತ್ತಗಾಗುತ್ತದೆ, ಆಗ ಇಳಿಸುತ್ತಾರೆ. ಬೀರುವಿನೊಳಗೆ ಚರ್ಮದ ಪಟ್ಟಿ ಒಣಗಿ ಬಿರಿದೀತೆಂದು ಹೆದರಿದ ಸಣ್ಣಬೀರಯ್ಯ ತನಗೆ ಗೊತ್ತಿದ್ದ ವಿದ್ಯೆಯನ್ನೇ ಪ್ರಯೋಗಿಸಿದ್ದ. ಸೊಪ್ಪು ಪೋಣಿಸುವ ಕಡ್ಡಿಗೆ ಆರು ವಾಚುಗಳನ್ನೂ ಬೀರುವಿನೊಳಗೇ ಸಾಲಾಗಿ ನೇತುಹಾಕಿ, ಬೀರುವಿನ ಬಾಗಿಲನ್ನೂ ಹೊಳೆ ಕಡೆಯ ಕಿಟಕಿಯನ್ನೂ ತೆಗೆದಿಟ್ಟಿದ್ದ. ಆಷಾಢದ ಸೋನೆ, ಲಕ್ಷ್ಮಣತೀರ್ಥದ ಶೀತಗಾಳಿ. ಹದವೇನೋ ಚೆನ್ನಾಗಿಯೇ ಬಂದಿತ್ತು.

ಚಿಕ್ಕಬೀರಮ್ಮ ಮುದ್ದೆ ಕೋಲು ಕೆಳಗಿಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು, ಅಡುಗೆಮನೆಗೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಹರ್ಷಿತಾಳಿಗೂ ನಗು ಬಂತು. ಆದರೆ ಅವಳ ನಗುವಿನ ಹಿಂದೆ ಒಂದು ಉಪಾಯ ಆಗಲೇ ಎದ್ದು ಕೂತಿತ್ತು. ಬೂಷ್ಟಿನ ವೈದ್ಯ ಅವಳಿಗೆ ಗೊತ್ತಿದ್ದ. ಅವನನ್ನೇ ಮದುವೆಯಾಗಬೇಕೆಂದು ಅವಳು ಒಂದು ವರ್ಷದಿಂದ ಒದ್ದಾಡುತ್ತಿದ್ದಳು.

ಅವನ ಹೆಸರು ಸಾಗರ್, ಊರು ಕೆ.ಆರ್. ನಗರದ ಕಡೆಯ ಭೇರ್ಯ, ಕಸುಬು ಫೋಟೋ. ಹರ್ಷಿತಾಳ ಅಣ್ಣ ಧರ್ಮೇಂದ್ರನ ಮದುವೆಗೆ ಫೋಟೋ ತೆಗೆಯಲು ಬಂದವನು. ಆಲ್ಬಮ್ ಬಂದ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಧಾರೆಯ ಫೋಟೋದಲ್ಲಿ ಗಂಡಿನ ಅರ್ಧ ಕಿವಿ, ಹೆಣ್ಣಿನ ಒಂದು ಭುಜ, ನಡುವೆ ಆರತಿ ತಟ್ಟೆ ಹಿಡಿದ ಹರ್ಷಿತಾ ಮಿರಮಿರ ಮಿಂಚುತ್ತಿದ್ದಾಳೆ. ಊಟದ ಫೋಟೋದಲ್ಲಿ ಬೀಗರೆಲ್ಲ ಮಸುಕು, ಹಿಂದೆ ಪಾಯಸ ಬಡಿಸುತ್ತಿರುವ ಹರ್ಷಿತಾಳ ಮೂಗುತಿ ಕೂಡ ಸ್ಪಷ್ಟ. “ಇದು ಯಾರ ಮದ್ವೆ ಕಣ್ಲಾ?” ಎಂದು ಸಣ್ಣಬೀರಯ್ಯ ಆಲ್ಬಮ್ ಎಸೆದಿದ್ದ. ಆಮೇಲೆ ಅವ್ವನ ಮೂಲಕ ಮಗಳ ಮನಸ್ಸು ತಿಳಿದಾಗ ಅವನು ಹೇಳಿದ್ದು ಒಂದೇ ಮಾತು: “ನೋ ಬಿಡ್!” ಹೊಗೆಸೊಪ್ಪಿನ ಹರಾಜಿನಲ್ಲಿ ಯಾರೂ ಕೇಳದ ಸೊಪ್ಪಿನ ಮೂಟೆಗೆ ಹೇಳುವ ಮಾತು ಅದು. ಹುಡುಗನ ಹೆಸರನ್ನೂ ಕೇಳಲಿಲ್ಲ. ಮುಖವಂತೂ ನೋಡಿಯೇ ಇರಲಿಲ್ಲ, ಮದುವೆಯಿಡೀ ಅದು ಕ್ಯಾಮೆರಾದ ಹಿಂದಿತ್ತು. ಸಾಗರ್ ಆಮೇಲೆ ಹುಣಸೂರಿಗೆ ಬಂದು ಅಂಗಡಿ ಹಾಕಿದ್ದೂ ಅವನಿಗೆ ಗೊತ್ತಿರಲಿಲ್ಲ. ಹುಣಸೂರಿನ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದ ಹರ್ಷಿತಾಳಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

“ಅಪ್ಪ, ಹುಣಸೂರಲ್ಲಿ ಒಬ್ರ ಹತ್ರ ಒಂದು ಪೆಟ್ಟಿಗೆ ಅದೆ. ಅದ್ರೊಳಗೆ ಶೀತ ಸೇರಲ್ಲ, ಬೂಷ್ಟು ಬರಲ್ಲ.”

“ಯಾರ ಪೆಟ್ಟಿಗೆ?”

“ಕ್ಯಾಮೆರಾ ಇಟ್ಕೊಳೋ ಪೆಟ್ಟಿಗೆ. ನಡಿ, ತೋರಿಸ್ತೀನಿ.”

ಸಣ್ಣಬೀರಯ್ಯ ವಾಚುಗಳನ್ನು ಸ್ಟೀಲಿನ ಟಿಫನ್ ಕ್ಯಾರಿಯರಿನಲ್ಲಿ ತುಂಬಿ, ತೊಡೆಯ ಮೇಲೆ ಅವುಚಿಕೊಂಡು ಬಸ್ಸಿನಲ್ಲಿ ಕೂತ. “ಏನಣ್ಣ, ಇವತ್ತು ಬಾಡೂಟನಾ?” ಎಂದ ಕಂಡಕ್ಟರಿಗೆ ಕಾಣದಂತೆ ಕ್ಯಾರಿಯರಿನ ಮೇಲೆ ಟವೆಲ್ ಮುಚ್ಚಿದ. ಪಕ್ಕದಲ್ಲಿ ಹರ್ಷಿತಾ ಕಿಟಕಿ ಕಡೆ ಮುಖ ತಿರುಗಿಸಿ ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು.

ಅಂಗಡಿಗೆ ಬಂದವರನ್ನು ಕಂಡು ಸಾಗರನ ಮುಖ ಸುಣ್ಣ ಬಳಿದಂತಾಯಿತು. ಹರ್ಷಿತಾ ಅಪ್ಪನ ಬೆನ್ನ ಹಿಂದಿನಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ತಡವರಿಸಿ ನಮಸ್ಕಾರ ಮಾಡಿದ. ಟಿಫನ್ ಕ್ಯಾರಿಯರಿನ ಮುಚ್ಚಳ ತೆಗೆದದ್ದೇ ತಡ, ಭಯ ಮರೆತು ಎರಡೂ ಕೈ ಅಡ್ಡ ಹಿಡಿದ.

“ಯಜಮಾನ್ರೇ, ಒಳಕ್ಕೆ ತರಬೇಡಿ! ಬೂಷ್ಟಿನ ಪುಡಿ ಹಾರಿ ನನ್ ಲೆನ್ಸ್ ಮೇಲೆ ಕೂತ್ರೆ ಅಷ್ಟೇ. ಹೊರಗೇ ಒರೆಸಾಣ ಬನ್ನಿ.”

ಜಗಲಿಯಲ್ಲಿ ಕೂತು ಒಣಬಟ್ಟೆಯಲ್ಲಿ ಮೆಲ್ಲಗೆ, ಹಸುಗೂಸಿನ ಮೂಗು ಒರೆಸಿದಂತೆ ಒರೆಸಿದ. ಆ ಬಟ್ಟೆಯನ್ನು ಅಲ್ಲೇ ಸುಟ್ಟ. ಕುಳ್ಳನನ್ನು ಕಿವಿಗಿಟ್ಟು ನೋಡಿ, ಇದರ ಕೀ ಎಳೆಯಬೇಡಿ, ಬಿಸಿಲಿಗೂ ಇಡಬೇಡಿ, ಮೈಸೂರಿನಲ್ಲಿ ವಾಚು ಬಿಚ್ಚುವವರ ಹತ್ತಿರ ಒಳಗಿನ ನೀರು ತೆಗೆಸಿ, ಸವೆದ ರಬ್ಬರು ಬದಲಾಯಿಸಬೇಕು ಎಂದ. ಉಳಿದ ಐದನ್ನು ಒಳಗಿನ ಗಾಜಿನ ಪೆಟ್ಟಿಗೆಯಲ್ಲಿ ಲೆನ್ಸುಗಳ ಪಕ್ಕ ಮಲಗಿಸಿದ. ಪೆಟ್ಟಿಗೆಯ ಹಣೆಯ ಮೇಲೆ ಒಂದು ಹಸಿರು ಸಂಖ್ಯೆ ಹೊಳೆಯುತ್ತಿತ್ತು.

“ಏನಪ್ಪ ಇದು ನಲವತ್ತೈದು?”

“ಒಳಗಿನ ಗಾಳೀಲಿರೋ ತೇವ ಯಜಮಾನ್ರೇ. ಇನ್ನೂ ಇಳಿದ್ರೆ ಚರ್ಮ ಬಿರಿತದೆ, ಮೇಲಕ್ಕೋದ್ರೆ ಬೂಷ್ಟು.”

ಸಣ್ಣಬೀರಯ್ಯ ಬಾಯಿ ತೆರೆದುಕೊಂಡು ಆ ಸಂಖ್ಯೆಯನ್ನೇ ನೋಡಿದ. “ಅಯ್ಯೋ ಸಿವನೇ,” ಎಂದ. “ಹದಕ್ಕೂ ಮೀಟ್ರು ಮಾಡವ್ರಲ್ಲಾ!”

ಅವತ್ತಿನಿಂದ ಅವನಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಶಾಲೆಗೆ ಹೊರಟ ಮಗಳ ಜೊತೆ ದಿನಾ ಬಸ್ಸು ಹತ್ತಿ, ವಾಚುಗಳ ಯೋಗಕ್ಷೇಮ ವಿಚಾರಿಸಲು ಹುಣಸೂರಿಗೆ ಹೊರಡುತ್ತಿದ್ದ. ಹೋಗುವಾಗ ಒಂದು ಚಿಪ್ಪು ಬಾಳೆಹಣ್ಣು, ಚಿಕ್ಕಬೀರಮ್ಮ ಮಾಡಿದ ಬಸ್ಸಾರು. ಸಾಗರನಿಗೆ ‘ಪೆಟ್ಟಿಗೆ ಸಾಮಿ’ ಎಂದು ಹೆಸರಿಟ್ಟ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ “ಗಲ್ಲ ಎತ್ತು, ಗಲ್ಲ ಎತ್ತು” ಎಂದು ತಾನೇ ಹೇಳಿಕೊಡತೊಡಗಿದ. ಸಂಜೆ ಶಾಲೆ ಬಿಟ್ಟು ಬರುವ ಹರ್ಷಿತಾಳಿಗೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಡ್ಲೆಕಾಯಿ ತಿನ್ನುವುದನ್ನು ಕಂಡರೆ ಕುಣಿದುಬಿಡಬೇಕೆನಿಸುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು. ನಿಜ ಹೇಳುವುದು ಯಾವಾಗ? ಹೇಳಿದ ಮೇಲೆ ಅಪ್ಪ ಎರಡನೇ ಸಲ ಬೇಡ ಎಂದರೆ ಮೂರನೇ ಸಲ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಹೇಳಿದವನು ಸಾಗರ್. ಒಂದು ಸಂಜೆ ಯಾರದೋ ಮದುವೆ ಆಲ್ಬಮ್ ತಿರುವುತ್ತ ಸಣ್ಣಬೀರಯ್ಯ ಹೊಗಳತೊಡಗಿದ. “ಫೋಟೋ ಅಂದ್ರೆ ಹಿಂಗಿರ್ಬೇಕು ಕಣಪ್ಪ. ನಮ್ ಧರ್ಮೇಂದ್ರನ ಮದ್ವೇಗೆ ಭೇರ್ಯದಿಂದ ಒಬ್ಬ ಬಂದಿದ್ದ. ಕಪಿ ನನ್ಮಗ. ಅವ್ನೇನಾರ ಕೈಗೆ ಸಿಕ್ರೆ...”

ಸಾಗರ್ ಕೈಯಲ್ಲಿದ್ದ ಲೆನ್ಸ್ ಮೇಜಿನ ಮೇಲಿಟ್ಟ. “ಅವ್ನು ನಾನೇ ಯಜಮಾನ್ರೇ.”

ಶಾಲೆ ಬಿಟ್ಟು ಬಂದ ಹರ್ಷಿತಾ ಬಾಗಿಲಲ್ಲೇ ಚೌಕಟ್ಟು ಹಿಡಿದು ನಿಂತಳು. ಸಣ್ಣಬೀರಯ್ಯ ಅವನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಅವನನ್ನು ನೋಡಿದ. “ಓಹೋಹೋ!” ಎಂದ. “ಅಪ್ಪನ್ನ ಟಿಫನ್ ಕ್ಯಾರಿಯರ್ ಸಮೇತ ಬಲೆಗೆ ಕೆಡವಿದ್ರಾ ಇಬ್ರೂ!” ಎದ್ದವನೇ ಪೆಟ್ಟಿಗೆಯ ಬಾಗಿಲು ತೆಗೆದು ದೊರೆ, ಕರಿಯ, ಕೆಂದ ಎಂದು ಎಲ್ಲರನ್ನೂ ಅಂಗಿಯ ಜೇಬಿಗೆ, ಪಂಚೆಯ ಮಡಿಲಿಗೆ ತುಂಬಿಕೊಂಡ. “ನಡಿಯವ್ವ ಮನೆಗೆ!” ಎಂದು ದುಡುದುಡು ಹೊರಗೆ ನಡೆದ.

ಹೊರಗೆ ಧೋ ಎಂದು ಮಳೆ ಹೊಯ್ಯುತ್ತಿತ್ತು.

ಸಣ್ಣಬೀರಯ್ಯ ಸಜ್ಜದ ಕೆಳಗೆ ಗಕ್ಕನೆ ನಿಂತ. ಒಂದು ಕಾಲು ಬೀದಿಗಿಟ್ಟ, ಎರಚಲು ಬಡಿಯಿತು, ಹಿಂದಕ್ಕೆ ಎಳೆದುಕೊಂಡ. ಜೇಬಿನ ಮೇಲೆ ಎರಡೂ ಅಂಗೈ ಮುಚ್ಚಿಕೊಂಡ. ಬೈಕಿನವನೊಬ್ಬ ಸರ್ರನೆ ನೀರು ಹಾರಿಸಿಕೊಂಡು ಹೋದಾಗ ಬಸುರಿ ಹೆಂಗಸಿನಂತೆ ಮಡಿಲು ಹಿಡಿದುಕೊಂಡು ಗೋಡೆಗೆ ಅಂಟಿ ನಿಂತ. ಅಷ್ಟು ಹೊತ್ತೂ ಕಣ್ಣಂಚಿನಲ್ಲಿ ನೀರು ತುಂಬಿಕೊಂಡಿದ್ದ ಹರ್ಷಿತಾಳಿಗೆ ಎಲ್ಲಿತ್ತೋ ನಗು, ಪಕಪಕ ಉಕ್ಕಿ ಬಂತು. ತಡೆಯಲು ನೋಡಿದಷ್ಟೂ ಜಾಸ್ತಿಯಾಯಿತು.

“ನಗು, ನಗು,” ಎಂದು ಗೊಣಗುತ್ತ ಅಪ್ಪ ಒಳಗೆ ಬಂದ. ಯಾರ ಮುಖವನ್ನೂ ನೋಡದೆ ಒಂದೊಂದೇ ವಾಚನ್ನು ಒರೆಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟ. “ಮಳೆ ನಿಲ್ಲಲಿ. ಆಮೇಲೆ ಮಾತಾಡ್ತೀನಿ,” ಎಂದ.

ಆಷಾಢದ ಮಳೆ ನಿಲ್ಲುವುದುಂಟೇ? ದಿನಾ ಅದೇ ಸೋನೆ, ದಿನಾ ಅದೇ ಮಾತು. ಮಗಳೊಡನೆ ಬಿಗಿದ ಮುಖದಲ್ಲೇ ಬಸ್ಸು ಹತ್ತುವುದು, ಅಂಗಡಿಯಲ್ಲಿ ಬಿಗಿದ ಮುಖದಲ್ಲೇ ಕಡ್ಲೆಕಾಯಿ ತಿನ್ನುವುದು. ಮೈಸೂರಿಗೆ ಹೋಗಿ ಕುಳ್ಳನನ್ನು ರಿಪೇರಿ ಮಾಡಿಸಿಕೊಂಡು ಬಂದವನು ಸಾಗರನೇ. ಮಂಜು ಹರಿದ ಗಾಜಿನೊಳಗೆ ಮುಳ್ಳು ಟಕಟಕ ಓಡುವುದನ್ನು ಕಂಡಾಗ ಮಾತ್ರ ಬಿಗಿದ ಮುಖ ಸ್ವಲ್ಪ ಸಡಿಲವಾಯಿತು. ಹರ್ಷಿತಾ ಬೆಳಗ್ಗೆ ಎದ್ದ ಕೂಡಲೇ ಆಕಾಶ ನೋಡುತ್ತಿದ್ದಳು. ಮೋಡವಿದ್ದರೆ ನಿಟ್ಟುಸಿರು, ಇನ್ನೂ ಬೇಡ ಎಂದಿಲ್ಲವಲ್ಲ!

ಆಷಾಢ ಕಳೆದು, ಕೊನೆಗೊಂದು ಬೆಳಗ್ಗೆ ಬಿಸಿಲು ಬಂದೇಬಿಟ್ಟಿತು. ಶಾಲೆಯಲ್ಲಿ ಅವಳು ಬೋರ್ಡಿನ ಮೇಲೆ ಎರಡು ಎರಡಲ ಐದು ಎಂದು ಬರೆದಳು, ಮಕ್ಕಳು ಹೋ ಎಂದರು. ಸಂಜೆ ಬಸ್ಸಿನಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡ.

“ಭಾನುವಾರ ಅವ್ನ ತಾಯೀನ ಕರ್ಕೊಂಡು ಬರಕ್ಕೇಳು. ನಾನೇನು ಬಿಟ್ಟಿ ಕೊಡಾಕಿಲ್ಲ. ನಮ್ಮಲ್ಲಿ ಹಿಂದೆ ತೆರ ಅಂತ ಕೇಳೋರು, ಗಂಡಿನ ಕಡೇವ್ರು ಹೆಣ್ಣಿನ ಅಪ್ಪಂಗೆ ಕೊಡ್ಬೇಕು. ನಾನೂ ಕೇಳ್ತೀನಿ.”

“ಏನು ಕೇಳ್ತೀಯಪ್ಪ?”

“ಪೆಟ್ಟಿಗೆ!”

ಹರ್ಷಿತಾ ತುಂಬಿದ ಬಸ್ಸಿನಲ್ಲೇ ಅಪ್ಪನ ಕತ್ತು ತಬ್ಬಿಕೊಂಡಳು. ಕಂಡಕ್ಟರು ಸುಮ್ಮನೆ ಶಿಳ್ಳೆ ಹೊಡೆದ, ಡ್ರೈವರು ಸ್ಟಾಪಿಲ್ಲದ ಕಡೆ ಬಸ್ಸು ನಿಲ್ಲಿಸಿದ.

ಭಾನುವಾರ ಭೇರ್ಯದಿಂದ ಸಾಗರನ ತಾಯಿ ಪುಟ್ಟಮಾದಮ್ಮ ಹೂವು, ಹಣ್ಣು, ಎಲೆಅಡಿಕೆ ಹಿಡಿದು ಬಂದಳು. ಹಿಂದೆಯೇ ಸಾಗರ್ ಹೊಚ್ಚ ಹೊಸ ಪೆಟ್ಟಿಗೆಯನ್ನು ಹೊತ್ತು ತಂದ. ತನ್ನದಕ್ಕಿಂತ ದೊಡ್ಡದು. ನಡುಮನೆಯಲ್ಲಿಟ್ಟು ವೈರು ಚುಚ್ಚಿದಾಗ ಹಸಿರು ಸಂಖ್ಯೆ ಬೆಳಗಿತು, ಕಿಟಕಿಯಲ್ಲಿ ತುಂಬಿದ್ದ ಅರ್ಧ ಹನಗೋಡು ಚಪ್ಪಾಳೆ ತಟ್ಟಿತು. ಚಿಕ್ಕಬೀರಮ್ಮ ಅರಿಶಿನ ಕುಂಕುಮ ಇಟ್ಟಳು. ಸಣ್ಣಬೀರಯ್ಯ ಅಂಗಡಿಯಿಂದ ಬಂದ ಆರೂ ವಾಚುಗಳನ್ನು ಒಂದೊಂದಾಗಿ ಒಳಗೆ ಮಲಗಿಸಿ, ಬಾಗಿಲು ಮುಚ್ಚಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ನಗುತ್ತಲೇ ಇದ್ದ.

ಎಲೆಅಡಿಕೆ ಬದಲಾಯಿಸಲು ಕರೆದರೆ ಏಳಲಿಲ್ಲ. ಇನ್ನೊಮ್ಮೆ ಕರೆದರು. ಅವನ ಮುಖದ ಮೇಲಿನ ನಗು ಮೆಲ್ಲಗೆ ಇಳಿಯುತ್ತಿತ್ತು. ಪೆಟ್ಟಿಗೆ ನೋಡಿದ, ಹೊಸ ಸೀರೆಯುಟ್ಟು ನಿಂತ ಮಗಳನ್ನು ನೋಡಿದ, ಎದ್ದು ಬಾಗಿಲು ತೆಗೆದು ವಾಚುಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದ. ಟಿಫನ್ ಕ್ಯಾರಿಯರಿಗೆ ತುಂಬಿ ಸಾಗರನ ಕೈಗಿಟ್ಟ.

“ಇದು ಬ್ಯಾಡ ಕಣಪ್ಪ.”

ಹರ್ಷಿತಾ ಓಡಿ ಬಂದು ಅಪ್ಪನ ತೋಳು ಹಿಡಿದುಕೊಂಡಳು. ಪುಟ್ಟಮಾದಮ್ಮ ತಟ್ಟೆ ಹಿಡಿದೇ ಕೇಳಿದಳು: “ಯಾಕಣ್ಣ, ನಮ್ಮಿಂದ ಏನಾರ ತಪ್ಪಾಯ್ತಾ?”

“ತಪ್ಪೇನಿಲ್ಲ ಕಣವ್ವ. ಈ ಪೆಟ್ಟಿಗೇಲಿ ಇವ್ಳವ್ವ ಹಪ್ಪಳ ಇಟ್ಕೊಳ್ಲಿ. ವಾಚು ಮಾತ್ರ ನಿಮ್ಮುಡುಗನ ತಾವೇ ಇರ್ಲಿ.” ಸಣ್ಣಬೀರಯ್ಯ ಟವೆಲ್ಲಿನ ತುದಿಯಲ್ಲಿ ಕಣ್ಣೊರೆಸಿಕೊಂಡ. “ಇವು ಇಲ್ಲೇ ಇದ್ರೆ, ನಾನು ಏನ್ ನೆಪ ಹೇಳ್ಕಂಡು ದಿನಾ ಮಗಳ ಮನೇಗೆ ಬರ್ಲಿ?”