ಗೋದಾಮಿಗೆ ಒಬ್ಬಳೇ

ಗಂಜಿ ತಳ ಹಿಡಿಯುತ್ತಿತ್ತು. ಸೌಟು ಬಿಟ್ಟು ಏಳುವಂತಿರಲಿಲ್ಲ. ಆಚೆ ಮೂಲೆಯಲ್ಲಿ ಮುದುಕನೊಬ್ಬ ಸುಟ್ಟ ಬೆನ್ನು ಉರಿದು ನರಳುತ್ತಿದ್ದ. ಲಿಂಗಮ್ಮ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, "ಬಂದೆ ತಾತ, ಮುಲಾಮು ತತ್ತೀನಿ" ಅಂದಳು. ಸದ್ಯಕ್ಕೆ ಹೋಗಲಾರೆನೆಂದು ಅವಳಿಗೂ ಗೊತ್ತಿತ್ತು.

ಎಪ್ಪತ್ನಾಲ್ಕರ ಬೇಸಗೆಯಲ್ಲಿ ಮಾರೇನಹಳ್ಳಿಯ ಹಿಂದಿನ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ಮನೆ ಕಳೆದುಕೊಂಡವರನ್ನೆಲ್ಲ ಮಾಗಡಿ ರಸ್ತೆಯ ಖಾಲಿ ಗೋದಾಮಿಗೆ ತಂದು ತುಂಬಿದ್ದರು. ಅವರ ಹೊಣೆ ಹೊತ್ತ ಪರಿಹಾರ ಸಂಘದ ಆಫೀಸು ಇದ್ದದ್ದು ರಾಜಾಜಿನಗರದ ಒಂದು ತಾರಸಿ ಮನೆಯಲ್ಲಿ. ಅಲ್ಲಿ ಸಂಯೋಜಕರು, ಅವರಿಗೆ ಸಹಾಯಕರು, ಸಹಾಯಕರಿಗೆ ಟೈಪಿಸ್ಟು, ಮೇಲೆ ಸೂಪರ್‌ವೈಸರು, ಜೀಪು, ಡ್ರೈವರು. ಗೋದಾಮಿಗೆ ಮಾತ್ರ ಬ್ಯಾಡರಹಳ್ಳಿಯಿಂದ ನಡೆದು ಬರುವ ಆಯಾ ಲಿಂಗಮ್ಮ ಒಬ್ಬಳೇ. ಗಂಜಿ ಕಾಯಿಸುವುದೂ ಅವಳೇ, ಗಾಯ ತೊಳೆಯುವುದೂ ಅವಳೇ. ಮೊದಲು ಜೊತೆಗೆ ಇನ್ನಿಬ್ಬರಿದ್ದರು. ಒಬ್ಬಳು ಹೆರಿಗೆಗೆ ಹೋದಳು. ಇನ್ನೊಬ್ಬಳನ್ನು ಸಂಯೋಜಕ ಚಕ್ರಪಾಣಿ ತಮ್ಮ ಮನೆಗೆಲಸಕ್ಕೆ ಕರೆದುಕೊಂಡರು. ಆ ಜಾಗಗಳಿಗೆ ಯಾರೂ ಬರಲಿಲ್ಲ.

ಅವತ್ತು ಚಕ್ರಪಾಣಿಯವರ ಜೀಪು ಬಂತು. ಲಿಂಗಮ್ಮ ಓಡಿಹೋಗಿ ಕೈಮುಗಿದಳು.

"ಇನ್ನೊಬ್ಬರನ್ನಾದ್ರೂ ಕೊಡಿ ಸಾರ್. ಒಬ್ಬಳ ಕೈಲಿ ಆಗ್ತಾ ಇಲ್ಲ."

"ಯಾರಾದ್ರೂ ಹಸ್ಕೊಂಡು ಮಲಗಿದಾರಾ?"

"ಇಲ್ಲ ಸಾರ್."

"ಮತ್ತೆ? ಆಗ್ತಾ ಇದೆಯಲ್ಲಮ್ಮಾ!"

ಲಿಂಗಮ್ಮ ಒಲೆಯ ಕಡೆ ವಾಪಸು ನಡೆದಳು. ಮಾಡಿದರೆ ಒಬ್ಬಳೇ ಸಾಕು ಅನ್ನುತ್ತಾರೆ. ಬಿಟ್ಟರೆ ಸಾಯುವುದು ಚಕ್ರಪಾಣಿಯವರ ಮಕ್ಕಳಲ್ಲ.

ಎರಡು ದಿನ ಕಳೆಯಿತು. ಕೊಪ್ಪರಿಗೆ ಇಳಿಸುವಾಗ ಕುದಿಯುವ ಗಂಜಿ ಅವಳ ಮುಂಗೈ ಮೇಲೆ ಚೆಲ್ಲಿತು. ಕಿರುಚಿದ್ದು ಕೇಳಿ, ಬೆಂಕಿಯಲ್ಲಿ ಗುಡಿಸಲು ಕಳೆದುಕೊಂಡಿದ್ದ ಮುನಿತಾಯಮ್ಮ ನುಗ್ಗಿ ಬಂದಳು.

"ನೀವು ಅಡುಗೆ ಕಡೆ ಬರಂಗಿಲ್ಲ ಕಣಕ್ಕಾ, ರೂಲ್ಸು" ಅಂದಳು ಲಿಂಗಮ್ಮ ನೋವಿನಲ್ಲೇ.

"ರೂಲ್ಸು ಬಂದು ಸೌಟು ಹಿಡೀತದಾ? ಸರಿ ಅತ್ಲಾಗೆ."

ಮುನಿತಾಯಮ್ಮನ ಹಿಂದೆ ಮತ್ತಷ್ಟು ಹೆಂಗಸರು ಬಂದರು. ಆ ಮಧ್ಯಾಹ್ನ ಲಿಂಗಮ್ಮ ಕೂತು ಉಂಡಳು. ಗೋದಾಮಿಗೆ ಬಂದ ಮೇಲೆ ಕೂತು ಉಂಡದ್ದು ಅದೇ ಮೊದಲು.

ಚಕ್ರಪಾಣಿ ಮುಂದಿನ ವಾರ ಬಂದು ಒಲೆ ಸುತ್ತ ಹೆಂಗಸರನ್ನು ಕಂಡು ಹಿಗ್ಗಿಹೋದರು. "ಭೇಷ್! ಸ್ವಾವಲಂಬನೆ ಅಂದ್ರೆ ಇದು ಕಣ್ರೀ." ಸೂಪರ್‌ವೈಸರ್ ಕಡೆ ತಿರುಗಿದರು. "ಇವರೇ ಮಾಡ್ಕೊತಾರೆ ಅಂದ್ಮೇಲೆ ಆಯಾ ಯಾಕೆ? ಸೋಮವಾರದಿಂದ ಬೇಡ. ಆ ಪೋಸ್ಟಲ್ಲಿ ಆಫೀಸಿಗೆ ಇನ್ನೊಬ್ಬ ಅಸಿಸ್ಟೆಂಟ್ ತಗೊಳ್ಳೋಣ."

ಲಿಂಗಮ್ಮ ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತ ನಿಂತಳು. ಕನಿಕರದಿಂದ ಬಂದವರೇ ಅವಳ ಅನ್ನಕ್ಕೆ ಕಲ್ಲಾಗಿದ್ದರು.

ಮುನಿತಾಯಮ್ಮ ಉರಿಯುವ ಸೌದೆಯನ್ನು ಒಲೆಯಿಂದ ಎಳೆದು ಮಣ್ಣಿಗೆ ತುರುಕಿದಳು.

"ಅವಳ ಕೈ ಬೆಂದದೆ ಅಂತ ಬಂದ್ವಿ ಸ್ವಾಮಿ. ಅವಳ ಅನ್ನ ಕಿತ್ಕೊಳ್ಳಕ್ಕಲ್ಲ. ಏಳ್ರೇ ಎಲ್ಲಾ!"

"ಮಕ್ಕಳು ಉಪವಾಸ ಬೀಳ್ತವೆ, ನೋಡ್ಕೊಳ್ಳಿ!" ಚಕ್ರಪಾಣಿ ಗದರಿದರು.

"ಬೀಳ್ತವೆ. ಇಲ್ಲೇ ನಿಂತು ನೀವೂ ನೋಡಿ."

ಹೆಂಗಸರು ಹೋಗಿ ಜೀಪಿನ ಮುಂದೆ ಕೂತರು. ಗಂಡಸರೂ ಒಬ್ಬೊಬ್ಬರಾಗಿ ಬಂದು ಕೂತರು. ಚಕ್ರಪಾಣಿ ಜೀಪು ಹತ್ತಿದರು. ಡ್ರೈವರು ಹಾರ್ನು ಹೊಡೆದು ನೋಡಿ, ಕೊನೆಗೆ ಎಂಜಿನ್ ಆರಿಸಿದ. ಹಸಿದ ಮಕ್ಕಳು ಅಳತೊಡಗಿದವು. ಲಿಂಗಮ್ಮನ ಕೈ ತಾನಾಗಿಯೇ ಸೌದೆಗೆ ಹೋಯಿತು. ಮುನಿತಾಯಮ್ಮ ಕೂಗಿದಳು:

"ಬ್ಯಾಡ ಕಣೇ! ಇವತ್ತು ನೀನು ಹಚ್ಚಿದ್ರೆ ನಾಳೆ ಇವಕ್ಕೆ ಗಂಜಿ ಕಾಸಕ್ಕೆ ಯಾರೂ ಇರಲ್ಲ."

ಲಿಂಗಮ್ಮ ಸೌದೆ ಬಿಟ್ಟಳು. ಅಳುವ ಎರಡು ಕೂಸುಗಳನ್ನು ಎತ್ತಿಕೊಂಡು ಬಂದು ಅವರ ನಡುವೆ ಕೂತಳು.

ಬಿಸಿಲು ನೆತ್ತಿಗೇರಿತು. ಕಾದ ಜೀಪಿನೊಳಗಿಂದ ಚಕ್ರಪಾಣಿ ತಲೆ ಹೊರಗೆ ಹಾಕಿದರು. ದನಿ ಇಳಿದಿತ್ತು.

"ಲಿಂಗಮ್ಮಾ, ಒಂದು ಲೋಟ ನೀರು ತಂದ್ಕೊಡಮ್ಮ."

"ಆಗಲ್ಲ ಸಾರ್" ಅಂದಳು ಲಿಂಗಮ್ಮ, ಕೂಸಿನ ಬೆನ್ನು ತಟ್ಟುತ್ತಾ. "ನಾನೊಬ್ಬಳೇ ಇರೋದು."